ಬಾಗಿಲಿಗಿಟ್ಟ ಕಲ್ಲು

ಸತ್ತು ಮೂರು ಸಾವಿರ ವರ್ಷವಾದವರನ್ನು ಕಾಯುವುದು ಕಷ್ಟದ ಕೆಲಸವೇ ಎಂದು ಯಾರಾದರೂ ಕೇಳಿದರೆ ಕಲ್ಲುಮಾವನ ಉತ್ತರ ಸಿದ್ಧವಿರುತ್ತಿತ್ತು: "ಅವರಿಂದ ನಂಗೇನೂ ತೊಂದರೆ ಇಲ್ಲಪ್ಪ. ಇಷ್ಟು ವರ್ಷದಲ್ಲಿ ಒಂದು ಲೋಟ ನೀರು ಕೊಡು ಅಂದವರಲ್ಲ. ಬದುಕಿರೋರನ್ನ ಕಾಯೋದೇ ಕಷ್ಟ."

ಅವರು ಎಂದರೆ ಗುಪ್ಪೆಯೊಳಗಿರುವವರು. ಬಸ್ಸು ಬಂದು ತಿರುಗಿಕೊಂಡು ಹೋಗುವ ಜಾಗದಲ್ಲಿ ಒಂದು ಟೀ ಅಂಗಡಿ. ಅಲ್ಲಿಂದ ಏರು ಹತ್ತಿದರೆ ಬೋಳುದಿಣ್ಣೆ. ದಿಣ್ಣೆಯ ನೆತ್ತಿಯಲ್ಲಿ ಆಳೆತ್ತರದ ಕಲ್ಲುಗುಪ್ಪೆ. ಬುಡದಲ್ಲಿ, ಮಲಗಿದ ಕರುಗಳನ್ನು ಸಾಲಾಗಿ ಕೂಡಿಸಿದಂತೆ ದೊಡ್ಡ ಕಲ್ಲುಗಳ ಬಳೆ. ಅದರೊಳಗೆ ಮಧ್ಯಮ ಗಾತ್ರದವು. ನೆತ್ತಿಗೆ ಹೋದಂತೆ ಮುಷ್ಟಿ ಗಾತ್ರದವು. ಒಳಗೆ ಯಾರನ್ನೋ ಹೂತಿದ್ದಾರೆ. ರಾಜನನ್ನೋ, ಕುರಿ ಕಾಯುವವನನ್ನೋ, ಎಲ್ಲರಿಗೂ ಬೇಕಾದ ಸೊಸೆಯನ್ನೋ, ಯಾರಿಗೂ ಬೇಡವಾದ ಅತ್ತೆಯನ್ನೋ, ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಇಲಾಖೆಗೆ ಅಷ್ಟು ಮರ್ಯಾದೆ. ಸುತ್ತ ತಂತಿಬೇಲಿ, ಬೇಲಿಗೊಂದು ಗೇಟು, ಗೇಟಿಗೊಂದು ಫಲಕ: "ಸಂರಕ್ಷಿತ ಸ್ಮಾರಕ. ಇಲ್ಲಿಂದ ಕಲ್ಲು ತೆಗೆಯುವುದು, ಇಲ್ಲಿ ಕಲ್ಲು ಇಡುವುದು ಶಿಕ್ಷಾರ್ಹ ಅಪರಾಧ."

ಈ ಫಲಕವೂ, ಒಂದು ಸೀಟಿಯೂ, ದಿಣ್ಣೆಯ ಮೇಲೇ ಒಂದು ಕೋಣೆ ಒಂದು ಅಡುಗೆಮನೆಯ ವಸತಿಯೂ ಕಲ್ಲುಮಾವನ ಸುಪರ್ದಿಗೆ ಬಂದು ಇಪ್ಪತ್ತಾರು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಅವನು ಕಲ್ಲುಮಾವನಾದ ಮೇಲೆ ಅವನ ಹೆಂಡತಿ ಕಲ್ಲತ್ತೆ ಆಗಬೇಕಿತ್ತು. ಟೀ ಅಂಗಡಿಯವನು ಒಂದೇ ಒಂದು ಸಲ ಹಾಗೆ ಕರೆದು ನೋಡಿದ. ಅವಳು ಕೈಲಿದ್ದ ಗ್ಲಾಸನ್ನು ಮೇಜಿನ ಮೇಲೆ ಇಟ್ಟ ರೀತಿ ನೋಡಿ ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಕಲ್ಲುಮಾವನ ಕೆಲಸದಲ್ಲಿ ಬರವಣಿಗೆಯೂ ಉಂಟು. ತಿಂಗಳ ಕೊನೆಯ ದಿನ "ಸ್ಥಿತಿ ವರದಿ" ಎಂಬ ಅಚ್ಚಾದ ಹಾಳೆಯನ್ನು ತುಂಬಿ ಕಳಿಸಬೇಕು. ಕುಸಿತ, ಕಳವು, ಹಾನಿ, ಗಿಡಗಂಟಿ, ಇತರೆ ಎಂದು ಐದು ಕಾಲಂ. ಐದರಲ್ಲೂ ಅವನು "ಬದಲಾವಣೆ ಇಲ್ಲ" ಎಂದು ಬರೆಯುತ್ತಿದ್ದ. ಮುನ್ನೂರು ಚಿಲ್ಲರೆ ವರದಿ, ಸಾವಿರದೈನೂರು ಚಿಲ್ಲರೆ ಸಲ ಬದಲಾವಣೆ ಇಲ್ಲ. ನಮ್ಮಂಥ ಬರೆಯುವವರಲ್ಲಿ ಎಷ್ಟೋ ಜನ ಇದನ್ನೇ ಸ್ವಲ್ಪ ಉದ್ದುದ್ದ ಮಾಡಿ ಬರೆದು ಹೆಸರು ಮಾಡಿದ್ದೇವೆ. ಆದರೆ ಅವನು ಬರೆದದ್ದೆಲ್ಲ ನಿಜ. ಪ್ರತಿ ವರದಿಯ ಹಿಂದಿನ ದಿನ ಗುಪ್ಪೆಯ ಸುತ್ತ ಮೂರು ಸುತ್ತು ಹಾಕಿ, ಬಗ್ಗಿ, ಮುಟ್ಟಿ ನೋಡಿಯೇ ಬರೆಯುತ್ತಿದ್ದ. ಅಷ್ಟರಲ್ಲಿ ಒಂದೇ ಒಂದು ವರದಿ ಮಾತ್ರ ಸುಳ್ಳು. ಅದರ ಮಾತು ಮುಂದೆ ಬರುತ್ತದೆ.

ಕಲ್ಲು ಕದಿಯುವವರು ಯಾರೂ ಇರಲಿಲ್ಲ. ಕಾಟವಿದ್ದದ್ದು ಕೊಡುವವರದು. ಖಾಲಿ ಗೋಡೆ ಕಂಡವನಿಗೆ ಹೆಸರು ಗೀಚಬೇಕೆನಿಸುವ ಹಾಗೆ, ಗುಪ್ಪೆ ಕಂಡವರಿಗೆ ತಾವೂ ಒಂದು ಕಲ್ಲು ಇಡಬೇಕೆನಿಸುತ್ತದೆ. ದಾರಿಯಲ್ಲೇ ಆರಿಸಿಕೊಂಡು ಬರುತ್ತಾರೆ. ಫಲಕ ಓದುತ್ತಾರೆ. ಓದಿ ಮುಗಿಸಿ ಇಡುತ್ತಾರೆ. ಕಲ್ಲುಮಾವ ಸೀಟಿ ಊದುವ ಹೊತ್ತಿಗೆ ಕಲ್ಲು ಕೂತಿರುತ್ತದೆ, ಇಟ್ಟವರು ಕಣ್ಣು ಮುಚ್ಚಿ ನಿಂತಿರುತ್ತಾರೆ. ಕಣ್ಣು ಮುಚ್ಚಿ ನಿಂತವರ ಕಿವಿಯಲ್ಲಿ ಸೀಟಿ ಊದುವಷ್ಟು ಕಲ್ಲೆದೆ ಅವನಿಗಿರಲಿಲ್ಲ. ಅವರು ಇಳಿದು ಹೋದ ಮೇಲೆ ಹೋಗಿ ತೆಗೆಯುತ್ತಿದ್ದ. ಹಳೆಯ ಕಲ್ಲುಗಳ ಮೈಮೇಲೆಲ್ಲ ಬೂದು ಬಣ್ಣದ ಕಲ್ಲುಹೂವಿನ ಚಕ್ಕೆ ಬೆಳೆದಿರುತ್ತದೆ. ಹೊಸದರ ಮೈ ಬೋಳು. ಕರೆಯದೆ ಮದುವೆಗೆ ಬಂದವರ ಹಾಗೆ ಅವು ದೂರದಿಂದಲೇ ಗೊತ್ತಾಗುತ್ತಿದ್ದವು.

ಮೊದಮೊದಲು ಅವನ್ನು ಇಳಿಜಾರಿಗೆ ಎಸೆಯುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿ ಅಡುಗೆಮನೆಯ ಬಾಗಿಲಿಂದ ನೋಡಿದಳು.

"ಏನ್ರೀ ಅದು ಎಸೀತಿರೋದು?"

"ಕಲ್ಲು."

"ಆ ಹೆಂಗಸು ಕಣ್ಣೊರೆಸ್ಕೊಂಡು ಇಟ್ಟು ಹೋದ್ಲು. ಎಸೆಯೋಕೆ ಅದೇನು ನಿಮ್ಮಪ್ಪಂದಾ?"

"ನಿಯಮ ಕಣೇ."

"ನಿಯಮದಲ್ಲಿ ತೆಗೀರಿ ಅಂತಿದ್ಯೋ, ಎಸೀರಿ ಅಂತಿದ್ಯೋ?"

ಕಲ್ಲುಮಾವ ಒಳಗೆ ಹೋಗಿ ನಿಯಮದ ಪುಸ್ತಕ ತೆಗೆದು ನೋಡಿದ. "ತೆಗೆಯತಕ್ಕದ್ದು" ಎಂದಷ್ಟೇ ಇತ್ತು. ತೆಗೆದು ಏನು ಮಾಡತಕ್ಕದ್ದು ಎಂಬುದನ್ನು ಬರೆದವರು ಯೋಚಿಸಿರಲಿಲ್ಲ. ಇಲಾಖೆಯ ನಿಯಮಗಳ ಬಗ್ಗೆ ಅವಳ ತೀರ್ಪು ಒಮ್ಮೆಯೂ ತಪ್ಪಿದ್ದಿಲ್ಲ.

ಅವತ್ತಿಂದ ತೆಗೆದ ಕಲ್ಲುಗಳೆಲ್ಲ ಅಡುಗೆಮನೆಯ ಬಾಗಿಲ ಮುಂದಿನ ಬಯಲಿಗೆ ಬಂದು ಬೀಳತೊಡಗಿದವು. ಬಿದ್ದ ಹಾಗೇ ಬಿಡುವ ಹೆಂಗಸಲ್ಲ ಅವಳು. ಅವಳ ಅಡುಗೆಮನೆಯಲ್ಲಿ ಡಬ್ಬಗಳೂ ಎತ್ತರ ನೋಡಿ ಸಾಲು ನಿಲ್ಲಬೇಕು. ದೊಡ್ಡವನ್ನು ಕೆಳಗೆ ಗುಂಡಗೆ ಕೂಡಿಸಿದಳು, ಸಣ್ಣವನ್ನು ಒಳಗೆ ತುಂಬಿದಳು. ಅಡುಗೆಮನೆಯ ಕಿಟಕಿಯಿಂದ ದಿನವಿಡೀ ಗುಪ್ಪೆಯನ್ನೇ ನೋಡುತ್ತಿದ್ದ ಕಣ್ಣು. ಕೈಗೆ ಬೇರೆ ಆಕಾರ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಗುಪ್ಪೆಯ ಎದುರಿಗೆ ಗುಪ್ಪೆಯ ಹಾಗೆಯೇ ಸೊಂಟದೆತ್ತರದ ಇನ್ನೊಂದು ನಿಂತಿತ್ತು. ಅದಕ್ಕೆ ಅವರಿಬ್ಬರೂ ರಾಶಿ ಎನ್ನುತ್ತಿದ್ದರು. ಅದು ಗುಪ್ಪೆ, ಇದು ರಾಶಿ.

ರಾಶಿಯ ಕಲ್ಲುಗಳ ಪೂರ್ವಾಪರವೆಲ್ಲ ಅವರಿಗೆ ಗೊತ್ತಿತ್ತು. ಉಗುರಿನ ಬಣ್ಣದಲ್ಲಿ ಕೆಂಪು ಹೃದಯ ಬರೆದಿರುವುದು ಜಗಳವಾಡುತ್ತಲೇ ಹತ್ತಿ ಬಂದು ಜಗಳವಾಡುತ್ತಲೇ ಇಳಿದು ಹೋದ ಜೋಡಿಯದು. ಸಾಬೂನಿನಂತೆ ನುಣುಪಾಗಿರುವುದು, ನಾಯಿ ಸತ್ತಿತೆಂದು ನಾಯಿಯ ಹಗ್ಗ ಕೈಲಿ ಹಿಡಿದೇ ಬಂದಿದ್ದ ಮುದುಕನದು. ಒಂದೇ ಬಣ್ಣದ ಹನ್ನೊಂದು ಕಲ್ಲು ಒಬ್ಬ ಲಾರಿ ಡ್ರೈವರನವು. ವರ್ಷಕ್ಕೊಮ್ಮೆ ಅದೇ ತಾರೀಖಿಗೆ ಬರುತ್ತಿದ್ದ, ಯಾರಿಗಾಗಿ ಎಂದು ಹೇಳುತ್ತಿರಲಿಲ್ಲ. ಹನ್ನೆರಡನೇ ವರ್ಷ ಅವನು ಬರಲಿಲ್ಲ. ಆ ದಿನ ಸಂಜೆಯವರೆಗೂ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ನೆಪ ಮಾಡಿಕೊಂಡು ಗೇಟಿನ ಕಡೆಗೆ ಹೋಗಿ ಬಂದರು.

ಅಂಥದ್ದೇ ಒಂದು ದಿನ ಅವಳು ಅಂದಿದ್ದಳು, "ನಾನು ಹೋದ್ಮೇಲೆ ನಂಗೂ ಒಂದು ಇಡ್ರಿ."

"ಎಲ್ಲಿಗೆ ಹೋಗ್ತೀಯ?"

"ಪೇಟೆಗೆ! ಕೇಳೋ ಪ್ರಶ್ನೆ ನೋಡು. ಚಪ್ಪಟೆ ಇರೋದು ನೋಡಿ ಇಡಿ. ಉರುಳೋದು ಬೇಡ. ಇರೋವಾಗ್ಲೇ ಸಾಕಷ್ಟು ಓಡಾಡಿದೀನಿ."

ಎರಡು ವರ್ಷದ ಹಿಂದೆ ಅವಳು ಹೋದಳು. ಮಗಳು ಬಂದು ಹದಿನೈದು ದಿನ ಇದ್ದು, "ನಮ್ಮನೇಗೆ ಬಾಪ್ಪಾ" ಎಂದು ಕರೆದು, ಅವನು "ಗುಪ್ಪೆ ಯಾರು ನೋಡ್ಕೋತಾರೆ" ಎಂದದ್ದಕ್ಕೆ ಸಿಟ್ಟು ಮಾಡಿಕೊಂಡು, ಎರಡು ಬಸ್ಸು ಹಿಡಿದು ಹೋದಳು. ಆಮೇಲೆ ಕಲ್ಲುಮಾವ ಚಪ್ಪಟೆ ಕಲ್ಲು ಹುಡುಕಲು ಹೊರಟ. ನಾಲ್ಕು ದಿನ ಹುಡುಕಿದ. ದಿಣ್ಣೆಯಲ್ಲಿ ಎಷ್ಟು ಕಲ್ಲಿದ್ದರೂ ಒಂದೂ ಅವಳಿಗೆ ಒಪ್ಪುವಂಥದಲ್ಲ: ಒಂದಕ್ಕೆ ಮೂಲೆ ಮುರಿದಿದೆ, ಇನ್ನೊಂದು ಅಲ್ಲಾಡುತ್ತದೆ. ಐದನೇ ದಿನ ಅಡುಗೆಮನೆಗೆ ಹೋಗುವಾಗ ಎಡವಿದ. ಹೆಬ್ಬೆರಳಿಗೆ ತಗುಲಿದ್ದು ಬಾಗಿಲಿಗೆ ಅಡ್ಡ ಇಟ್ಟಿದ್ದ ಕಲ್ಲು. ಆ ಬಾಗಿಲ ಚಿಲಕ ಕೂರುತ್ತಿರಲಿಲ್ಲವಾದ್ದರಿಂದ, ದಿಣ್ಣೆಯ ಗಾಳಿಗೆ ಬಡಿದುಕೊಳ್ಳದಿರಲೆಂದು ಬಂದ ಮೊದಲ ವಾರವೇ ಅವಳು ಅದನ್ನು ಆರಿಸಿ ತಂದಿದ್ದಳು. ಹಲಗೆಯಂತೆ ಚಪ್ಪಟೆ. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಉರುಳಿದ್ದಿಲ್ಲ.

ಅದನ್ನು ಎತ್ತಿಕೊಂಡು ಹೋಗಿ ರಾಶಿಯ ನೆತ್ತಿಯ ಮೇಲೆ, ನಟ್ಟನಡುವೆ ಇಟ್ಟ. ಕಣ್ಣು ಮುಚ್ಚಿ ನಿಲ್ಲೋಣವೆಂದರೆ, ಕೆಲಸದ ಮೇಲಿರುವಾಗ ಕಣ್ಣು ಮುಚ್ಚುವ ರೂಢಿ ಇಲ್ಲ. ತೆರೆದುಕೊಂಡೇ ನಿಂತ.

ಅವತ್ತಿಂದ ಬಾಗಿಲು ಬಡಿದುಕೊಳ್ಳತೊಡಗಿತು. ಗಾಳಿ ಬಂದರೆ ಧಡ್. ಇನ್ನೊಂದು ಗಾಳಿಗೆ ಇನ್ನೊಂದು ಧಡ್. ಬೇರೆ ಕಲ್ಲು ಇಡಬಹುದಿತ್ತು, ಕಲ್ಲಿಗೇನು ಬರಗಾಲವೆ? ಆದರೆ ಊಟಕ್ಕೆ ಕರೆಯುವಾಗ ಅವಳು ಸೌಟಿನಿಂದ ಅದೇ ಬಾಗಿಲನ್ನು ಎರಡು ಸಲ ಬಡಿಯುತ್ತಿದ್ದಳು. ಒಂದು ಮಧ್ಯಾಹ್ನ ಗೇಟಿನ ಹತ್ತಿರ ಕೂತಿದ್ದ ಕಲ್ಲುಮಾವ ಧಡ್ ಎಂದ ಕೂಡಲೇ "ಬಂದೆ" ಎಂದು ಎದ್ದುಬಿಟ್ಟ. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. ಹಿಂದೆ ಹೋಗಿ ಕೂರುವುದಕ್ಕೆ ಯಾರೋ ನೋಡಿದಂತೆ ನಾಚಿಕೆಯಾಗಿ, ಬಂದದ್ದಕ್ಕೆ ಒಂದು ಲೋಟ ನೀರು ಕುಡಿದು ಹೋದ. ಆಮೇಲೆ ಅದೇ ಅಭ್ಯಾಸವಾಯಿತು. ಬಾಗಿಲು ಧಡ್ ಎನ್ನುವುದು, ಇವನು "ಬಂದೆ ಬಂದೆ" ಎನ್ನುವುದು. ದಿನಕ್ಕೆ ಅಷ್ಟಾದರೂ ಮಾತು ಬೇಕಲ್ಲ.

ಭಾನುವಾರ ಫೋನಿನಲ್ಲಿ ಮಗಳು ಕೇಳುತ್ತಿದ್ದಳು, "ಏನಪ್ಪಾ ಅದು ಸದ್ದು?"

"ಬಾಗಿಲು."

"ಇನ್ನೂ ಅದೇನಾ? ಗುಡ್ಡದ ತುಂಬಾ ಕಲ್ಲಿಟ್ಕೊಂಡು ಒಂದು ಅಡ್ಡ ಇಡೋಕಾಗಲ್ವಾ?"

"ಇಡ್ತೀನಮ್ಮ."

ಹೀಗಿರುವಾಗ ಒಂದು ಬೆಳಿಗ್ಗೆ ಇಬ್ಬರು ಬಂದು ದೊಡ್ಡ ಜೀರುಂಡೆಯಂಥ ಡ್ರೋನ್ ಹಾರಿಸಿ, ಮೇಲಿಂದ ಚಿತ್ರ ತೆಗೆದುಕೊಂಡು ಹೋದರು. ತಿಂಗಳೆರಡು ಕಳೆದ ಮೇಲೆ ಒಂದು ಲಾರಿ ಬಂತು. ಅದರಿಂದ ಇಳಿದವರು ಅಡುಗೆಮನೆಯ ಮುಂದೆ ಎರಡು ಗುಂಡಿ ತೋಡಿ ಒಂದು ಹೊಸ ಫಲಕ ನೆಟ್ಟರು: "ಸಂರಕ್ಷಿತ ಸ್ಮಾರಕ – ೨."

"ಇದು ಸ್ಮಾರಕ ಅಲ್ಲ ಸ್ವಾಮಿ, ರಾಶಿ!" ಎಂದ ಕಲ್ಲುಮಾವ.

"ನಮಗೆ ಫಲಕ ನೆಡೋಕೆ ಹೇಳಿದಾರೆ" ಎಂದು ಅವರು ಮಣ್ಣು ತುಳಿದು ಗಟ್ಟಿ ಮಾಡಿ ಹೋದರು.

ಮೇಲಿಂದ ತೆಗೆದ ಚಿತ್ರದಲ್ಲಿ ಒಂದೇ ಅಚ್ಚಿನ ಎರಡು ವೃತ್ತ ಕಂಡಿದ್ದವಂತೆ. ಯಾವ ದಾಖಲೆಯಲ್ಲೂ ಇಲ್ಲದ ಎರಡನೇ ಗುಪ್ಪೆ ಸಿಕ್ಕಿತೆಂದು ಕಚೇರಿಯಲ್ಲಿ ಎಲ್ಲರೂ ಕೈ ಕುಲುಕಿಕೊಂಡಿದ್ದರಂತೆ. ಈ ಸುದ್ದಿ ಕಲ್ಲುಮಾವನಿಗಿಂತ ಮೊದಲು ಟೀ ಅಂಗಡಿಗೆ ತಲುಪಿತ್ತು.

"ಏನ್ ಮಾವ, ಬ್ರಾಂಚ್ ತೆಗೆದ್ರಂತೆ?" ಎಂದ ಅಂಗಡಿಯವನು.

"ತಮಾಷೆ ಬೇಡ. ಒಂದು ಟೀ ಕೊಡು."

"ನನ್ನ ಬೆಂಚೂ ಹಳೇದೇ. ಡ್ರೋನ್‌ಗೆ ಸ್ವಲ್ಪ ಇತ್ಲಾಗೂ ನೋಡೋಕೆ ಹೇಳಿ."

ಮೊದಲ ವಾರ ಕಲ್ಲುಮಾವನಿಗೆ ಒಳಗೊಳಗೇ ಖುಷಿಯೇ ಆಯಿತು. ಅವಳ ಕಲ್ಲಿಗೆ ಸರ್ಕಾರದ ಕಾವಲು! ಆದರೆ ಫಲಕದ ಪ್ರಕಾರ ರಾಶಿಯ ಮೇಲೂ ಈಗ ಕಲ್ಲು ಇಡುವಂತಿಲ್ಲ. ಗುಪ್ಪೆಯಿಂದ ತೆಗೆದದ್ದನ್ನು ಎಲ್ಲಿಡುವುದು? ಜೇಬಿನಲ್ಲಿಟ್ಟುಕೊಂಡ. ಜೇಬು ಹರಿಯಿತು. ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದ. ಆಮೇಲೆ ಬಂತು ಕಾಗದ. ತಜ್ಞರೊಬ್ಬರು ಬಂದು ಸ್ಮಾರಕ–೨ನ್ನು "ನೆತ್ತಿಯಿಂದ ಬುಡದವರೆಗೆ ಬಿಚ್ಚಿ" ಪರಿಶೀಲಿಸುವರು ಎಂದು ಅದರಲ್ಲಿತ್ತು.

ಸುಮ್ಮನಿದ್ದರೆ ರಾಶಿಯನ್ನು ಬಿಚ್ಚುತ್ತಾರೆ, ನೆತ್ತಿಯಿಂದ ಎಂದರೆ ಮೊದಲು ಅವಳ ಕಲ್ಲನ್ನೇ. ನಿಜ ಹೇಳಿದರೆ?

"ಕಸ ಅಂತ ಬರೀತಾರೆ ಮಾವ" ಎಂದ ಅಂಗಡಿಯವನು, ಈ ಸಲ ತಮಾಷೆಯಿಲ್ಲದೆ. "ಟ್ರ್ಯಾಕ್ಟರ್ ಬರುತ್ತೆ. ಕೆಳಗಿನ ರಸ್ತೆ ಗುಂಡಿಗೆ ಕಲ್ಲು ಬೇಕು ಅಂತ ಆವಾಗಿಂದ ಹೇಳ್ತಾನೇ ಇದಾರೆ. ಅತ್ತೇದೊಂದನ್ನ ತೆಗೆದು ಒಳಗಿಟ್ಕೊಂಡ್ಬಿಡಿ, ಯಾರಿಗೆ ಗೊತ್ತಾಗುತ್ತೆ?"

ಕಲ್ಲುಮಾವ ಅದನ್ನೂ ಮಾಡಲು ಹೋದ. ರಾಶಿಗೆ ಎದೆಯಾನಿಸಿ ಕೈ ಚಾಚಿ ಹಿಡಿದೆಳೆದ. ಎರಡು ಮಳೆಗಾಲ ಕಂಡ ಕಲ್ಲು ಸುತ್ತಲಿನವುಗಳ ನಡುವೆ ಕಚ್ಚಿ ಕೂತಿತ್ತು. ಒಂದು ಕಡೆ ನಾಯಿಯ ಮುದುಕ, ಒಂದು ಕಡೆ ಲಾರಿ ಡ್ರೈವರ್. ಅವರನ್ನು ಟ್ರ್ಯಾಕ್ಟರಿಗೆ ಬಿಟ್ಟು ಹೆಂಡತಿಯೊಬ್ಬಳನ್ನು ಎತ್ತಿಕೊಂಡು ಹೋದರೆ, "ಅವೇನು ನಿಮ್ಮಪ್ಪಂದಾ" ಎಂದು ಬೈಯುವವಳು ಅವಳೇ. ಕೈ ಬಿಟ್ಟ.

ತಿಂಗಳ ವರದಿಯ "ಇತರೆ" ಕಾಲಂನಲ್ಲಿ ಜೀವನದಲ್ಲೇ ಮೊದಲ ಸಲ ಉದ್ದವಾಗಿ ಬರೆದ: ಸ್ಮಾರಕ–೨ ಸ್ಮಾರಕವಲ್ಲ, ಬಂದವರು ಇಟ್ಟ ಕಲ್ಲು, ಜೋಡಿಸಿದ್ದು ನನ್ನ ಹೆಂಡತಿ. ಕಳಿಸಿದ. ಉತ್ತರವಿಲ್ಲ. ಫೋನ್ ಮಾಡಿದ.

"ಏನಿದ್ರೂ ಬರೆದು ಕಳಿಸಿ" ಎಂದಿತು ಕಚೇರಿಯ ಧ್ವನಿ.

"ಕಳಿಸಿದೀನಿ ಸಾರ್."

"ಹಾಗಾದ್ರೆ ಬರುತ್ತೆ ಬಿಡಿ."

"ಏನು ಸಾರ್?"

"ಉತ್ತರ."

ಬಂದದ್ದು ಜೀಪು. ಜೀಪಿನಿಂದ ಇಳಿದವರು ಮೂವತ್ತೈದರ ಆಸುಪಾಸಿನ ಹೆಂಗಸು. ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ, ಸೊಂಟಕ್ಕೆ ಅಳತೆಯ ಟೇಪು. ಅಳತೆ ಮೇಡಂ ಎಂದು ಡ್ರೈವರ್ ಪರಿಚಯಿಸಿದ. ಅವರು ಮೊದಲು ಗುಪ್ಪೆಗೆ ಹೋಗಿ, ಬುಡದ ಒಂದು ದೊಡ್ಡ ಕಲ್ಲಿನ ಮೇಲೆ ನಕ್ಷೆ ಬಿಡಿಸಿದರು. ಹಾರಿಸಿಕೊಂಡು ಹೋಗುವ ಗಾಳಿ. ಕಾಲಬಳಿ ಸಿಕ್ಕಿದ ಒಂದು ಕಲ್ಲನ್ನು ಅದರ ಮೇಲೆ ಹೇರಿಟ್ಟರು. ಆಮೇಲೆ ರಾಶಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಒಂದು, ಎರಡು, ಮೂರು ಕಲ್ಲು ನೋಡಿದರು. ನಾಲ್ಕನೆಯದನ್ನು ಎತ್ತಿ ಕಲ್ಲುಮಾವನ ಕಡೆ ತಿರುಗಿಸಿದರು. ಕೆಂಪು ಹೃದಯ.

"ಮೂರು ಸಾವಿರ ವರ್ಷದ ಹಿಂದೆ ಉಗುರಿಗೆ ಬಣ್ಣ ಹಚ್ಕೋತಿದ್ರಾ?"

ಕಲ್ಲುಮಾವ ಒಂದು ಹೆಜ್ಜೆ ಮುಂದೆ ಬಂದ. "ಹೇಳಿದ್ದೆ ಮೇಡಂ. ಬರೆದೂ ಕಳಿಸಿದ್ದೆ."

"ನಮ್ಮಲ್ಲಿ ಬರೆದದ್ದನ್ನ ಯಾರು ಓದ್ತಾರೆ!" ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿ ರಾಶಿಯ ಸುತ್ತ ಒಂದು ಸುತ್ತು ಬಂದರು. "ಚೆನ್ನಾಗಿ ಕಟ್ಟಿದೀರಿ. ನಾನೂ ಚಿತ್ರ ನೋಡಿ ಮೋಸಹೋದೆ. ಆದ್ರೆ ಇದನ್ನ ಇಲ್ಲಿ ಬಿಡೋಕಾಗಲ್ಲ. ಗುಪ್ಪೆ ಅಂಚಿಂದ ಮೂವತ್ತು ಮೀಟರ್ ಒಳಗೆ ಹೊರಗಿನ ಕಲ್ಲು ಇರಬಾರ್ದು. ತೆಗೆಸ್ತೀವಿ."

"ಮೇಡಂ, ಅದರಲ್ಲಿ ನನ್ನ ಹೆಂಡತಿ ಇದಾಳೆ."

ಮೇಡಂ ಕೈಲಿದ್ದ ಕಲ್ಲನ್ನು ಥಟ್ಟನೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಡ್ರೈವರ್ ಬಾಯಿಗಿಟ್ಟ ನೀರಿನ ಬಾಟಲಿಯನ್ನು ಹಾಗೇ ಹಿಡಿದುಕೊಂಡ.

"ಏನ್ ಯಜಮಾನ್ರೇ! ಇಲ್ಲೇ ಹೂತ್ಬಿಟ್ರಾ?" ಎಂದ ಡ್ರೈವರ್.

"ಅಯ್ಯೋ ಇಲ್ಲಪ್ಪ! ಅವಳು ಊರಿನ ಸ್ಮಶಾನದಲ್ಲೇ ಇದಾಳೆ, ರಸೀದಿ ಬೇಕಾದ್ರೆ ಇದೆ. ಇದು ಅವಳ ಕಲ್ಲು. ಬಾಗಿಲಿಗೆ ಅಡ್ಡ ಇಡ್ತಿದ್ದದ್ದು. ಅಗೋ, ಮೇಲೆ, ಚಪ್ಪಟೇದು."

ಆಗ ಎಲ್ಲ ಹೇಳಿದ. ಎಸೆಯುತ್ತಿದ್ದದ್ದು, ಅವಳು ಬೈದದ್ದು, ನಾಯಿಯ ಹಗ್ಗ, ಹನ್ನೊಂದು ಕಲ್ಲು, ಬಾರದ ಹನ್ನೆರಡನೆಯದು. ಎರಡು ವರ್ಷದಲ್ಲಿ ಅವನು ಒಟ್ಟು ಆಡಿದ ಮಾತಿಗಿಂತ ಅದು ಹೆಚ್ಚಾಗಿತ್ತೋ ಏನೋ, ಕೊನೆಗೆ ಧ್ವನಿ ಬಿದ್ದುಹೋಯಿತು. ನಡುವೆ ಅಡುಗೆಮನೆಯ ಬಾಗಿಲು ಧಡ್ ಎಂದಿತು. "ಬಂದೆ" ಎನ್ನಲು ತೆರೆದ ಬಾಯನ್ನು ಕೆಮ್ಮಾಗಿ ತಿರುಗಿಸಿದ.

ಮೇಡಂ ಸೊಂಟದ ಟೇಪು ಬಿಚ್ಚಿದರು. "ಅಳೆದು ನೋಡೋಣ. ರಾಶಿಯ ನಡು ಎಲ್ಲಿದೆಯೋ ರಾಶಿ ಅಲ್ಲಿದೆ ಅಂತ ನಿಯಮ. ನಡು ಮೂವತ್ತರಾಚೆ ಬಿದ್ರೆ ಇದು ನಮ್ಮ ಇಲಾಖೆಗೆ ಸೇರಿದ್ದೇ ಅಲ್ಲ. ಆಮೇಲೆ ನಾನು ಇದನ್ನ ನೋಡೇ ಇಲ್ಲ. ಈಚೆ ಬಿದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ, ನೋಡಿ."

ನಡು ಎಂದರೆ ಚಪ್ಪಟೆ ಕಲ್ಲು. ಗುಪ್ಪೆಯ ಬುಡದಲ್ಲಿ ರಾಶಿಯ ಕಡೆಗಿರುವ ಅಂಚಿನ ಕಲ್ಲಿಗೆ ಡ್ರೈವರ್ ಟೇಪಿನ ತುದಿ ಒತ್ತಿ ಹಿಡಿದ. ಮೇಡಂ ಎಳೆದುಕೊಂಡು ಬಂದರು. ಕಲ್ಲುಮಾವ ಟೇಪಿನ ಜೊತೆಜೊತೆಗೇ ನಡೆದ, ಮಗು ತಪ್ಪು ಹೆಜ್ಜೆ ಇಡುವುದೇನೋ ಎಂಬಂತೆ. ಮೂವತ್ತು ಮೀಟರಿನ ಗುರುತು ಚಪ್ಪಟೆ ಕಲ್ಲನ್ನು ದಾಟಿ ಅರ್ಧ ಅಡಿ ಆಚೆ ಬಿತ್ತು.

ರಾಶಿ ಒಳಗೆ.

ಮೇಡಂ ಇನ್ನೊಮ್ಮೆ ಅಳೆದರು. ಅಷ್ಟೇ. "ಅರ್ಧ ಅಡಿ" ಎಂದರು, ತಾವೇ ತಪ್ಪು ಮಾಡಿದವರಂತೆ. ಟೇಪು ಸುತ್ತತೊಡಗಿದರು.

ಕಲ್ಲುಮಾವ ಟೇಪನ್ನು ನೋಡಲಿಲ್ಲ. ಅದರ ಆ ತುದಿಯನ್ನು ಡ್ರೈವರ್ ಒತ್ತಿ ಹಿಡಿದಿದ್ದ ಕಲ್ಲನ್ನು ನೋಡುತ್ತಿದ್ದ.

"ಮೇಡಂ, ಆ ಕಲ್ಲು ಇರೋ ಜಾಗ ಅದಲ್ಲ."

"ಅಂದ್ರೆ?"

"ರಾಶಿ ಕಡೆಗೆ ಜಾರಿದೆ. ಮುಕ್ಕಾಲು ಅಡಿ."

ಮೇಡಂ ಚೀಲದಿಂದ ಒಂದು ಕಡತ ತೆಗೆದು ಹಾಳೆ ತಿರುವಿದರು. "ಜಾರಿದ್ರೆ ವರದಿಯಲ್ಲಿರಬೇಕಲ್ಲ. ನಿಮ್ಮದೇ ವರದಿ, ಎಲ್ಲಾ ತಿಂಗಳೂ ಬದಲಾವಣೆ ಇಲ್ಲ ಅಂತಿದೆ." ಹಾಳೆಯಿಂದ ತಲೆಯೆತ್ತಿ ಅವನ ಮುಖ ನೋಡಿದರು. ಈ ಮುದುಕ ರಾಶಿ ಉಳಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾನೆ ಎಂಬ ಅನುಮಾನ ಅವರ ಕಣ್ಣಿನಲ್ಲಿತ್ತು.

ಆ ಅನುಮಾನವನ್ನು ಅಳಿಸಲು ಇದ್ದದ್ದು ಒಂದೇ ದಾರಿ, ಇಪ್ಪತ್ತಾರು ವರ್ಷದ ಮಾನ ಹೋಗುವ ದಾರಿ.

"ಒಂದು ವರದಿ ಸುಳ್ಳು ಮೇಡಂ. ಎರಡು ವರ್ಷದ ಹಿಂದೆ, ಒಂದು ವಾರ ಬಿಡದೆ ಮಳೆ ಹೊಡೀತಲ್ಲ, ಆ ತಿಂಗಳದ್ದು. ಬುಡದ ಮಣ್ಣು ಸಡಿಲಾಗಿ ಕಲ್ಲು ಜಾರಿತ್ತು. ನಾನು ನೋಡಿರಲಿಲ್ಲ. ಇಲ್ಲಿರಲೇ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬದಲಾವಣೆ ಇಲ್ಲ ಅಂತ ಬರೆದು ಕಳಿಸಿದೆ. ವಾಪಸು ಬಂದು ನೋಡಿದ್ಮೇಲೆ, ಹೇಳಿದ್ರೆ ಸುಳ್ಳು ಬರೆದದ್ದು ಗೊತ್ತಾಗುತ್ತಲ್ಲ ಅಂತ ಸುಮ್ಮನಾದೆ. ಆಮೇಲೆ ಬರೆದದ್ದೆಲ್ಲ ಹಿಂದಿನ ತಿಂಗಳಿಗೆ ಹೋಲಿಸಿದ್ರೆ ಬದಲಾವಣೆ ಇಲ್ಲ ಅಂತ. ಅದು ನಿಜಾನೇ."

"ಆಸ್ಪತ್ರೆಯಲ್ಲಿ ಯಾರಿದ್ರು?" ಎಂದು ಕೇಳಿದ ಮೇಲೆ ಮೇಡಂಗೆ ಗೊತ್ತಾಯಿತು. ಉತ್ತರಕ್ಕೆ ಕಾಯದೆ ಕಡತದೊಳಗೆ ಕೈ ಹಾಕಿ ಹಳೆಯ ಚಿತ್ರವೊಂದನ್ನು ತೆಗೆದರು. ಗುಪ್ಪೆಯ ಪಕ್ಕದಲ್ಲಿ ಕೂತು, ಚಿತ್ರವನ್ನೂ ಕಲ್ಲನ್ನೂ ಬಹಳ ಹೊತ್ತು ಹೋಲಿಸಿ ನೋಡಿದರು. ಮಣ್ಣು ಕೆದಕಿದರು. ಕಲ್ಲಿನ ಹಿಂದೆ, ಅದೇ ಆಕಾರದ ಖಾಲಿ ತಗ್ಗು.

"ಹಾರೆ ಇದೆಯಾ?" ಎಂದರು.

ಹಾರೆ ಇತ್ತು. ಜೀಪಿನಲ್ಲಿ ಜಾಕ್ ಇತ್ತು. ಡ್ರೈವರ್ "ನಂದು ಸ್ಟೇರಿಂಗ್ ಹಿಡಿಯೋ ಕೆಲಸ ಮೇಡಂ" ಎನ್ನುತ್ತಲೇ ಎಲ್ಲರಿಗಿಂತ ಹೆಚ್ಚು ನೂಕಿದ. ಕಲ್ಲುಮಾವ ಹಾರೆ ಮೀಟಿದ. ಮೇಡಂ ಚಿತ್ರ ನೋಡಿಕೊಂಡು "ಇನ್ನೊಂಚೂರು, ಇನ್ನೊಂಚೂರು" ಎಂದರು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಕಲ್ಲು ಮುಕ್ಕಾಲು ಅಡಿ ಹಿಂದಕ್ಕೆ ಹೋಗಿ ತನ್ನ ತಗ್ಗಿನಲ್ಲಿ ಕುಕ್ಕರಿಸಿ ಕೂತಿತು. ಟೇಪು ಮತ್ತೆ ಬಂತು. ಮೂವತ್ತರ ಗುರುತು ಚಪ್ಪಟೆ ಕಲ್ಲಿಗೆ ನಾಲ್ಕು ಬೆರಳು ಈಚೆಗೇ ನಿಂತುಬಿಟ್ಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡ್ರೈವರ್ ಮಾತ್ರ "ಗೆದ್ರಲ್ಲಾ ಯಜಮಾನ್ರೇ" ಎಂದು ಕೈ ಒರೆಸಿಕೊಂಡ. ಮೇಡಂ ಫಲಕದ ಕಡೆ ತಲೆಯಲ್ಲಾಡಿಸಿ, "ಅದನ್ನ ಕಿತ್ತು ಜೀಪಿಗೆ ಹಾಕು" ಎಂದರು. ಆಮೇಲೆ ಎರಡು ವರ್ಷದ ಹಿಂದಿನ ಆ ವರದಿಯನ್ನು ತೆಗೆದು ಕಲ್ಲುಮಾವನ ಮುಂದಿಟ್ಟರು. "ಇದನ್ನ ನೀವೇ ತಿದ್ದಬೇಕು. ಒಂದು ನೋಟಿಸ್ ಬರಬಹುದು."

"ಬರ್ಲಿ ಮೇಡಂ. ನಾನು ಬರೆದದ್ದಕ್ಕೆ ಒಂದು ಉತ್ತರ ಬಂದ ಹಾಗಾದ್ರೂ ಆಗುತ್ತೆ."

ಕುಸಿತ ಎಂಬ ಕಾಲಂನಲ್ಲಿ ಬದಲಾವಣೆ ಇಲ್ಲ ಎಂಬುದನ್ನು ಹೊಡೆದುಹಾಕಿ, "ಅಂಚಿನ ಒಂದು ಕಲ್ಲು ಜಾರಿದೆ" ಎಂದು ಬರೆದ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಮಳೆ ಎಂದು ಬರೆಯಬಹುದಿತ್ತು. "ಕಾವಲುಗಾರ ಸ್ಥಳದಲ್ಲಿರಲಿಲ್ಲ" ಎಂದು ಬರೆದು ಸಹಿ ಮಾಡಿದ. ಆ ತಿಂಗಳು ತಾನು ಎಲ್ಲಿದ್ದೆ ಎಂಬುದು ಹೀಗಾದರೂ ಒಂದು ಕಡೆ ದಾಖಲಾಯಿತು.

ಜೀಪು ಹೋಯಿತು. ದಿಣ್ಣೆ ಮೊದಲಿನಂತಾಯಿತು. ಇಷ್ಟೆಲ್ಲ ಆದ ಮೇಲೆ ಯಾರಿಗಾದರೂ ಹೇಳೋಣವೆಂದರೆ ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.

ಮರುದಿನ ಬೆಳಿಗ್ಗೆ ಗುಪ್ಪೆಯ ಸುತ್ತು ಹಾಕುವಾಗ ಬುಡದ ದೊಡ್ಡ ಕಲ್ಲಿನ ಮೇಲೆ ಬೋಳು ಮೈಯ ಒಂದು ಕಲ್ಲು ಕಂಡಿತು. ನಿನ್ನೆ ಮೇಡಂ ನಕ್ಷೆಯ ಮೇಲೆ ಹೇರಿಟ್ಟದ್ದು. ನಕ್ಷೆ ತೆಗೆದುಕೊಂಡು ಹೋಗಿದ್ದರು, ಕಲ್ಲು ಬಿಟ್ಟು ಹೋಗಿದ್ದರು. "ನೀವೂನಾ ಮೇಡಂ" ಎಂದು ಕಲ್ಲುಮಾವ ನಕ್ಕ. ಎತ್ತಿಕೊಂಡು ರೂಢಿಯಂತೆ ರಾಶಿಯವರೆಗೆ ಹೋದ. ಅಲ್ಲಿ ನಿಂತು ಕೈಯಲ್ಲಿ ತೂಗಿ ನೋಡಿದ. ಇದನ್ನು ಯಾರ ನೆನಪಿಗೂ ಇಟ್ಟದ್ದಲ್ಲ. ಯಾರೂ ಅತ್ತು ಇಟ್ಟದ್ದಲ್ಲ. ಕಾಗದ ಹಾರದಿರಲೆಂದು ಇಟ್ಟದ್ದು, ಶುದ್ಧ ಕಲ್ಲು. ಇದಕ್ಕೆ ರಾಶಿಯಲ್ಲಿ ಜಾಗ ಕೊಟ್ಟರೆ ಅಲ್ಲಿರುವವರು ಏನೆಂದುಕೊಂಡಾರು?

ಧಡ್ ಎಂದಿತು ಬಾಗಿಲು.

"ಬಂದೆ" ಎಂದು ಹೋದವನು, ಕಲ್ಲನ್ನು ಬಾಗಿಲಿಗೆ ಅಡ್ಡ ಇಟ್ಟ. ಮಗಳು ಎರಡು ವರ್ಷದಿಂದ ಹೇಳುತ್ತಿದ್ದದ್ದು ಕೊನೆಗೂ ಆಯಿತು. ಟೀ ಕಾಸಿಕೊಂಡು ಕೂತ. ಗಾಳಿ ಬಂತು. ಬಾಗಿಲು ಅಲ್ಲಾಡಲಿಲ್ಲ. ಇನ್ನೊಂದು ಗಾಳಿ ಬಂದು ಹೋಯಿತು. ಅಡುಗೆಮನೆಯಲ್ಲಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು, ತಾನೇ ನುಂಗಿದ ಸದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಗುಪ್ಪೆಯೊಳಗಿರುವವರಿಗೆ ದಿನವೂ ಹೀಗೇ ಇರಬೇಕು ಎಂದು ಮೊದಲ ಸಲ ಅನಿಸಿತು.

ಲೋಟ ಬರಿದಾಗುವವರೆಗೆ ತಡೆದುಕೊಂಡ. ಆಮೇಲೆ ಕಾಲಿನಿಂದಲೇ ಕಲ್ಲನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಕಾದು ಕೂತ.

ಗಾಳಿ ಬಂತು. ಬಾಗಿಲು ನಾಲ್ಕು ಬೆರಳಿನಷ್ಟೇ ಚಲಿಸಿ ಕಲ್ಲಿಗೆ ತಾಗಿ, ಮೆಲ್ಲಗೆ, ಸೌಟಿನಲ್ಲಿ ತಟ್ಟಿದ ಹಾಗೆ ಟಕ್ ಎಂದಿತು. ಹಿಂದಕ್ಕೆ ಹೋಗಿ ಬಂದು ಮತ್ತೊಂದು ಸಲ, ಟಕ್.

"ಬಂದೆ ಬಂದೆ" ಎಂದ ಕಲ್ಲುಮಾವ, ಕೂತಲ್ಲಿಂದಲೇ.